ಗೂಡು ಕಾಯುವುದಿಲ್ಲ: 2011ರ ಸುಂಕ ಇಳಿಕೆ ಮತ್ತು ರಾಮನಗರದ ರೇಷ್ಮೆ

2011ರ ಫೆಬ್ರವರಿ 28ರಂದು ದೆಹಲಿಯಲ್ಲಿ ಕೇಂದ್ರ ಬಜೆಟ್ ಮಂಡನೆಯಾಯಿತು. ಆಗ ಹಣಕಾಸು ಸಚಿವರಾಗಿದ್ದವರು ಪ್ರಣವ್ ಮುಖರ್ಜಿ. ಆ ಉದ್ದ ಭಾಷಣದಲ್ಲಿ ರೇಷ್ಮೆಗೆ ಸಿಕ್ಕಿದ್ದು ತುಂಬಾ ಸಣ್ಣ ಜಾಗ. ಹೊರದೇಶದಿಂದ ಬರುವ ಕಚ್ಚಾ ರೇಷ್ಮೆಯ (ಗೂಡಿನಿಂದ ಬಿಚ್ಚಿದ ನೂಲು) ಮೇಲಿನ ಮೂಲ ಕಸ್ಟಮ್ಸ್ ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯುತ್ತದೆ ಎಂಬ ಮಾತು, ಅಷ್ಟೇ.

ಅದೇ ದಿನ ರಾಮನಗರದ ಸುತ್ತಮುತ್ತ ಸಾವಿರಾರು ಮನೆಗಳಲ್ಲಿ ಹುಳು ಸೊಪ್ಪು ತಿನ್ನುತ್ತಿದ್ದವು. ಒಂದು ಮನೆಯಲ್ಲಿ ಹುಳುವಿಗೆ ಎರಡನೇ ಜ್ವರ (ಚರ್ಮ ಕಳಚುವ ಹೊತ್ತು), ಪಕ್ಕದ ಮನೆಯಲ್ಲಿ ನಾಲ್ಕನೇ ಜ್ವರ. ಇನ್ನೊಂದು ಕಡೆ ಹಣ್ಣಾದ ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಆ ಮನೆಗಳಲ್ಲಿ ನಮ್ಮ ದೊಡ್ಡಮ್ಮನ ಮನೆಯೂ ಒಂದು. ಒಂದು ಎಕರೆಗಿಂತ ಸ್ವಲ್ಪ ಜಾಸ್ತಿ ಹಿಪ್ಪುನೇರಳೆ ತೋಟ, ಹೆಂಚಿನ ಹುಳು ಮನೆ, ವರ್ಷಕ್ಕೆ ಐದಾರು ಬೆಳೆ. ಬಜೆಟ್ ಭಾಷಣವನ್ನು ಆ ಮನೆಯಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲ. ಸುದ್ದಿ ಅವರಿಗೆ ತಲುಪಿದ್ದು ಮಾರುಕಟ್ಟೆಯ ಹರಾಜಿನಲ್ಲಿ.

ಹೊರದೇಶದ ಸರಕು ರಾಶಿ ರಾಶಿ ಬಂದು ಇಲ್ಲಿಯದನ್ನು ಮೂಲೆಗೆ ತಳ್ಳಿತು ಎಂಬ ಕಥೆಯನ್ನು ನಾವು ತುಂಬಾ ಓದಿದ್ದೇವೆ. ಈ ಪ್ರಕರಣವನ್ನೂ ಹಾಗೇ ಬರೆಯಬಹುದು ಎಂದು ನಾನೂ ಅಂದುಕೊಂಡಿದ್ದೆ. ಆದರೆ ಅಂಕಿ ಅಂಶ ಬೇರೆ ಹೇಳುತ್ತವೆ. 2010-11ರಲ್ಲಿ ಭಾರತ ತರಿಸಿಕೊಂಡ ಕಚ್ಚಾ ರೇಷ್ಮೆ ಸುಮಾರು 5,800 ಟನ್. ಸುಂಕ ಇಳಿದ ಮೇಲೆ, 2011-12ರಲ್ಲಿ, ಸುಮಾರು 5,700 ಟನ್. ಹೆಚ್ಚಾಗಲೇ ಇಲ್ಲ. ಆದರೂ ರಾಮನಗರದಲ್ಲಿ ಗೂಡಿನ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ಅರ್ಧಕ್ಕೆ ಬಿತ್ತು. ಇದು ಹೇಗಾಯಿತು? ಅದನ್ನು ಅರ್ಥ ಮಾಡಿಕೊಳ್ಳಲು ಮೊದಲು ಹುಳು ಮನೆಗೆ ಹೋಗಬೇಕು.

ಹುಳು ಮನೆ

ಮೊಟ್ಟೆ ಒಡೆದು ಹುಳು ಬಂದ ಮೇಲೆ ಗೂಡು ಕಟ್ಟುವವರೆಗೆ ಸುಮಾರು 24ರಿಂದ 28 ದಿನ. ಈ ನಡುವೆ ಹುಳು ನಾಲ್ಕು ಸಲ ಚರ್ಮ ಕಳಚುತ್ತದೆ. ನಮ್ಮವರು ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಮೇಲೆತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ. ಜ್ವರ ಎದ್ದ ಮೇಲೆ ಹಸಿವು. ಅದರಲ್ಲೂ ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನ ಮನೆಯವರಿಗೆ ನಿದ್ದೆ ಇಲ್ಲ. ಹುಳು ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಜಾಸ್ತಿ ತಿನ್ನುವುದು ಆ ಏಳೆಂಟು ದಿನದಲ್ಲೇ.

ದೊಡ್ಡಮ್ಮನ ಹುಳು ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ. ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆಯಬೇಕು. ತಲೆಗೆ ವಾಸನೆ ಎಣ್ಣೆ ಹಾಕಿಕೊಂಡವರಿಗೆ, ಹೊಗೆಸೊಪ್ಪು ಹಾಕುವವರಿಗೆ ಒಳಗೆ ಬಿಡುತ್ತಿರಲಿಲ್ಲ. ನೆಂಟರು ಬಂದರೆ ಜಗಲಿಯಲ್ಲೇ ಮಾತು. ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆ ರೋಗ, ಊಜಿ ನೊಣ, ಯಾವುದು ಬಂದರೂ ಬೆಳೆ ಹೋಯಿತು. ಊಜಿ ನೊಣವಂತೂ ಮೊದಲು ನಮ್ಮಲ್ಲಿ ಇರಲೇ ಇಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಗೂಡಿನ ಜೊತೆ ಬಂದಿದ್ದು. ಆ ನಾಲ್ಕು ವಾರ ಅವರ ಮನೆಯಲ್ಲಿ ಹಬ್ಬವಾಗಲಿ ಮದುವೆಯಾಗಲಿ, ಎಲ್ಲವೂ ಹುಳುವಿನ ಜ್ವರ ನೋಡಿಕೊಂಡೇ ನಿಗದಿಯಾಗುತ್ತಿತ್ತು.

ಇಷ್ಟೆಲ್ಲ ಮಾಡಿದ ಮೇಲೆ ಗೂಡು ಸಿಗುತ್ತದೆ. ಚಂದ್ರಿಕೆಗೆ ಬಿಟ್ಟ ಐದಾರನೇ ದಿನಕ್ಕೆ ಬಿಡಿಸಬೇಕು. ಬಿಡಿಸಿದ ಮೇಲೆ ಒಂದೆರಡು ದಿನದಲ್ಲಿ ಮಾರಲೇಬೇಕು. ಯಾಕೆಂದರೆ ಒಳಗಿರುವ ಜೀವ ಸುಮ್ನೆ ಕೂತಿರುವುದಿಲ್ಲ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲು ಆಗುವುದಿಲ್ಲ. ಅಲ್ಲಿಗೆ ಅದು ಬರೀ ಜೂಟು, ಅಂದರೆ ತ್ಯಾಜ್ಯ ರೇಷ್ಮೆ. ಇದಲ್ಲದೆ ದಿನ ಕಳೆದಂತೆ ಹಸಿ ಗೂಡು ಒಣಗಿ ತೂಕ ಕಳೆದುಕೊಳ್ಳುತ್ತದೆ.

ಅಂದರೆ ಬೆಳೆಗಾರ ಮಾರುಕಟ್ಟೆಗೆ ಬರುವಾಗ ಅವನ ಕೈಯಲ್ಲಿ ಸರಕು ಮಾತ್ರ ಇರುವುದಿಲ್ಲ, ಅದರ ಜೊತೆಗೆ ಒಂದು ಗಡುವೂ ಇರುತ್ತದೆ. ಇಡೀ ಪ್ರಕರಣದ ಬೇರು ಇದು ಎಂಬುದು ನನ್ನ ಅಭಿಪ್ರಾಯ.

ಮಾರುಕಟ್ಟೆ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದು ಎನ್ನುತ್ತಾರೆ. ಬೆಳೆ ಚೆನ್ನಾಗಿದ್ದ ದಿನ ಅಲ್ಲಿಗೆ 40-50 ಟನ್ ಗೂಡು ಬರುತ್ತದೆ. ಬೆಳಗಿನ ಹೊತ್ತು ಹೋದರೆ ಜಾಲರಿ ತೊಟ್ಟಿಗಳ ಸಾಲು ಸಾಲು. ನಾಡ ಹುಳುವಿಗೆ ಬೇರೆ ತಳಿ ಬೆರೆಸಿದ ಮಿಶ್ರತಳಿಯ ಹಳದಿ ಗೂಡು ಒಂದು ಕಡೆ, ಜಾಸ್ತಿ ನೂಲು ಕೊಡುವ ದ್ವಿತಳಿಯ ಬಿಳಿ ಗೂಡು ಇನ್ನೊಂದು ಕಡೆ. ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ಗಳು ಲಾಟಿನಿಂದ ಲಾಟಿಗೆ ಓಡಾಡುತ್ತಾರೆ. ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಕೋಶ ಗಟ್ಟಿಯಾಗಿದ್ದರೆ ಗಲಗಲ ಅನ್ನಬೇಕು. ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ನೂಲು ಕಡಿಮೆ. ಒದ್ದೆ ವಾಸನೆ ಬಂದರೆ ಒಳಗೆ ಹುಳು ಸತ್ತು ಕೊಳೆತಿದೆ ಎಂದು ಅರ್ಥ. ಹಿಂದೆ ಹರಾಜು ಕೂಗುತ್ತಿದ್ದರು. ಈಗ ಮೊಬೈಲಿನಲ್ಲಿ ಇ-ಹರಾಜು.

ಕರ್ನಾಟಕದಲ್ಲಿ 1959ರ ಕಾಯ್ದೆಯ ಪ್ರಕಾರ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕು. ಅದು ಒಳ್ಳೆಯ ಕಾಯ್ದೆ. ಮನೆ ಬಾಗಿಲಿಗೆ ಬಂದು ದಳ್ಳಾಳಿ ಹೇಳಿದ ಬೆಲೆಗೆ ಕೊಡುವ ಕಷ್ಟ ಅದರಿಂದ ತಪ್ಪಿತು. ತೂಕ ಸರಿಯಾಯಿತು. ಆದರೆ ಬೆಲೆಯನ್ನು ಕಾಯ್ದೆ ನಿಲ್ಲಿಸಲಾರದು. ಅದು ಹರಾಜು ತಾನೇ?

ಹರಾಜಿನಲ್ಲಿ ರೀಲರ್ ಕೂಗುವ ಬೆಲೆ ಎಲ್ಲಿಂದ ಬರುತ್ತದೆ? ಅವನ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿರುತ್ತದೆ. ಒಂದು ಕಿಲೋ ನೂಲಿಗೆ ಸುಮಾರು ಎಂಟು ಕಿಲೋ ಮಿಶ್ರತಳಿ ಗೂಡು ಬೇಕು. ಲೆಕ್ಕಕ್ಕೆ ಅಂತ ಕೆಲವು ಅಂಕಿ ಹಿಡಿಯೋಣ. ನೂಲು ಕಿಲೋಗೆ 2,800 ರೂಪಾಯಿಗೆ ಹೋಗುತ್ತದೆ. ಕೂಲಿ, ಸೌದೆ, ಕರೆಂಟು, ಅವನ ಹೊಟ್ಟೆಪಾಡು ಎಲ್ಲ ಸೇರಿ 400. ಉಳಿದ 2,400ನ್ನು ಎಂಟರಿಂದ ಭಾಗಿಸಿದರೆ ಗೂಡಿಗೆ 300 ರೂಪಾಯಿ. ಅದಕ್ಕಿಂತ ಮೇಲೆ ಕೂಗಿದರೆ ಅವನಿಗೆ ನಷ್ಟ.

ಈಗ ಸುಂಕ ಇಳಿಸೋಣ. ಬಂದರಿನಲ್ಲಿ 100 ರೂಪಾಯಿ ಬೆಲೆಯ ಚೀನಾ ನೂಲು ಶೇ 30 ಸುಂಕ ಕಟ್ಟಿ 130 ಆಗುತ್ತಿತ್ತು. ಶೇ 5 ಸುಂಕಕ್ಕೆ ಅದು 105. ಅಂದರೆ ಸುಮಾರು ಐದನೇ ಒಂದು ಪಾಲು ಅಗ್ಗ. ನಮ್ಮ ನೂಲೂ ಅಷ್ಟೇ ಇಳಿಯಬೇಕಾದರೆ 2,800 ಇದ್ದದ್ದು 2,260ರ ಹತ್ತಿರಕ್ಕೆ ಬರುತ್ತದೆ. ಕೂಲಿ, ಸೌದೆ ಇಳಿಯುವುದಿಲ್ಲ, ಅದೇ 400. ಮಿಕ್ಕಿದ್ದು 1,860. ಎಂಟರಿಂದ ಭಾಗಿಸಿ, ಗೂಡಿಗೆ 232 ರೂಪಾಯಿ. ಸುಂಕ ಇಳಿಕೆಯ ನೇರ ಪೆಟ್ಟು ಕಿಲೋಗೆ ಸುಮಾರು 70 ರೂಪಾಯಿ. ನಡುವಿನ ಖರ್ಚು ಯಾವುದೂ ಕಡಿಮೆಯಾಗದ್ದರಿಂದ ಇಡೀ ಇಳಿಕೆ ಜಾರಿ ಜಾರಿ ಬಂದು ಕೊನೆಗೆ ಬೆಳೆಗಾರನ ಮೇಲೆ ಕೂತಿತು.

ಆದರೆ ಬೆಲೆ ಅಷ್ಟಕ್ಕೇ ನಿಲ್ಲಲಿಲ್ಲ. ಅರ್ಧದ ಹತ್ತಿರಕ್ಕೆ ಬಿತ್ತು. ಆ ಹೆಚ್ಚಿನ ಕುಸಿತಕ್ಕೆ ಒಂದು ಕಾರಣ, ಅದೇ ವರ್ಷ ಹೊರಗಿನ ಮಾರುಕಟ್ಟೆಯಲ್ಲೂ ರೇಷ್ಮೆ ಬೆಲೆ ಇಳಿದಿತ್ತು. ಇನ್ನೊಂದು ಕಾರಣ ಕಾಯುವಿಕೆ. ಚೀನಾ ನೂಲು ಅಗ್ಗವಾಗಿ ಬರುತ್ತದೆ ಎಂದು ಗೊತ್ತಾದ ಮೇಲೆ ಇವತ್ತು ನೂಲು ಕೊಳ್ಳಲು ಯಾವ ವ್ಯಾಪಾರಿ ಮುಂದೆ ಬರುತ್ತಾನೆ? ಮುಂದಿನ ವಾರ ನೋಡೋಣ ಎನ್ನುತ್ತಾನೆ. ವ್ಯಾಪಾರಿ ಕೊಳ್ಳದಿದ್ದರೆ ರೀಲರ್ ಮನೆಯಲ್ಲಿ ನೂಲು ಉಳಿಯುತ್ತದೆ, ಕೈಯಲ್ಲಿ ಕಾಸು ಇರುವುದಿಲ್ಲ. ಗೂಡಿಗೆ ನಗದು ಕೊಡಬೇಕು, ನೂಲನ್ನು ಸಾಲಕ್ಕೆ ಕೊಡಬೇಕು, ಇದು ರೀಲರ್‌ನ ಹಳೆಯ ಕಷ್ಟ. ಹಾಗಾಗಿ ಅವನೂ ಹರಾಜಿನಲ್ಲಿ ಕೈ ಬಿಗಿ ಹಿಡಿಯುತ್ತಾನೆ. ವ್ಯಾಪಾರಿ ತಿಂಗಳುಗಟ್ಟಲೆ ಕಾಯಬಲ್ಲ. ರೀಲರ್ ಒಂದೆರಡು ವಾರ ತಳ್ಳಬಲ್ಲ. ಗೂಡು ಮಾತ್ರ ಒಂದು ವಾರವೂ ಕಾಯಲಾರದು.

ಚೀನಾದ ನೂಲು ಹಡಗು ಹತ್ತುವುದೇ ಬೇಕಿರಲಿಲ್ಲ. ಅದು ಇಷ್ಟು ಬೆಲೆಗೆ ಬರಬಹುದು ಎಂಬ ಮಾತೇ ಬೆಲೆ ಇಳಿಸಲು ಸಾಕಾಯಿತು.

ಬೀದಿಗೆ ಬಂದದ್ದು

ಆ ವರ್ಷ ರಾಮನಗರ, ಶಿಡ್ಲಘಟ್ಟ ಕಡೆಯ ಬೆಳೆಗಾರರು ಬೀದಿಗಿಳಿದರು. ಸುಂಕವನ್ನು ಮೊದಲಿನ ಮಟ್ಟಕ್ಕೆ ಏರಿಸಿ ಎಂಬುದೇ ಬೇಡಿಕೆ.

ದೊಡ್ಡಮ್ಮನ ಮನೆಯಲ್ಲಿ ಆ ಬೇಸಿಗೆಯ ನಂತರದ ಬೆಳೆ 150 ಮೊಟ್ಟೆಯದು (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪಿಗೆ ನಮ್ಮವರು ಒಂದು ಮೊಟ್ಟೆ ಎನ್ನುತ್ತಾರೆ). 95 ಕಿಲೋ ಗೂಡು ಬಂತು. ಒಳ್ಳೆಯ ಇಳುವರಿ. ಹುಳು ಯಾವ ರೋಗವೂ ಇಲ್ಲದೆ ಎದ್ದಿದ್ದವು. ದೊಡ್ಡಮ್ಮನ ಮಗ, ನಮ್ಮ ಅಣ್ಣ, ಟೆಂಪೋದಲ್ಲಿ ಮಾರುಕಟ್ಟೆಗೆ ಒಯ್ದ. ಮೊದಲ ಹರಾಜಿನ ಬೆಲೆ ಕೇಳಿ ಒಪ್ಪಲಿಲ್ಲ. ಎರಡನೇ ಹರಾಜಿಗೆ ಇಟ್ಟ. ಬೆಲೆ ಇನ್ನೂ ಇಳಿಯಿತು. ಸಂಜೆಯಾಗುತ್ತಿತ್ತು. ವಾಪಸ್ ಒಯ್ದರೆ ಟೆಂಪೋ ಬಾಡಿಗೆ, ನಾಳೆಗೆ ತೂಕ ಕಡಿಮೆ, ನಾಡಿದ್ದಿಗೆ ಗೂಡೇ ಹಾಳು. ಕೊಟ್ಟು ಬಂದ. ಮನೆಗೆ ಬಂದು ದುಡ್ಡನ್ನು ದೇವರ ಮನೆಯ ಮುಂದೆ ಇಟ್ಟಾಗ ದೊಡ್ಡಮ್ಮ ಎಣಿಸಲಿಲ್ಲ. "ಬೆಳೆ ಚೆನ್ನಾಗಿತ್ತಲ್ಲಪ್ಪಾ" ಎಂದಷ್ಟೇ ಅಂದರು. ರೋಗ ಬಂದು ಬೆಳೆ ಹೋದರೆ ಆ ಮನೆಯಲ್ಲಿ ಅಳು ಇರುತ್ತಿತ್ತು, ಯಾರ ತಪ್ಪು ಎಂಬ ಮಾತು ಇರುತ್ತಿತ್ತು. ಇದಕ್ಕೆ ಏನು ಹೇಳಬೇಕೆಂದೇ ಯಾರಿಗೂ ತಿಳಿಯಲಿಲ್ಲ.

ನೇಕಾರರ ಪಕ್ಷ

ದೆಹಲಿಯವರಿಗೆ ರೈತರ ಮೇಲೆ ದ್ವೇಷ ಇತ್ತು ಎಂದು ನಾನು ಹೇಳುವುದಿಲ್ಲ. ಸುಂಕ ಇಳಿಸಿದ್ದು ನೇಕಾರರಿಗಾಗಿ. 2010ರಲ್ಲಿ ರೇಷ್ಮೆ ನೂಲಿನ ಬೆಲೆ ತುಂಬಾ ಏರಿತ್ತು. ವಾರಾಣಸಿ, ಕಾಂಚೀಪುರ, ಧರ್ಮಾವರದ ಮಗ್ಗಗಳು ನೂಲಿಲ್ಲದೆ ನಿಲ್ಲುತ್ತಿದ್ದವು. ನಮ್ಮ ದೊಡ್ಡಬಳ್ಳಾಪುರ, ಮೊಳಕಾಲ್ಮೂರಿನಲ್ಲೂ ಅದೇ ಗೋಳು. ನೇಕಾರನೂ ಬಡವನೇ ಅಲ್ವಾ? ಅವನು ದಿನವಿಡೀ ಗುಂಡಿಯಲ್ಲಿ ಕಾಲಿಟ್ಟು ಕೂತು ಮಗ್ಗ ತುಳಿಯುತ್ತಾನೆ. ಅವನಿಗೆ ನೂಲು ಅಗ್ಗವಾಗಿ ಸಿಗಲಿ ಎನ್ನುವುದರಲ್ಲಿ ತಪ್ಪೇನಿದೆ?

ಚೀನಾ ನೂಲು ಅಗ್ಗ ಎಂಬ ಒಂದೇ ಕಾರಣಕ್ಕೆ ಅವನು ಅದನ್ನು ಬಯಸುವುದೂ ಅಲ್ಲ. ಸೀರೆಗೆ ಉದ್ದಕ್ಕೆ ಹಾಸು ಒಂದು, ಅಡ್ಡಕ್ಕೆ ಹೊಕ್ಕು ಒಂದು. ಹಾಸಿನ ನೂಲು ಮಗ್ಗದಲ್ಲಿ ಬಿಗಿಯಾಗಿ ನಿಲ್ಲಬೇಕು, ಪದೇ ಪದೇ ತಿಕ್ಕಾಟ ತಡೆಯಬೇಕು. ಒಂದೇ ದಪ್ಪ ಇರಬೇಕು, ತುಂಡಾಗಬಾರದು. ಪವರ್‌ಲೂಮಿನಲ್ಲಿ ಇದು ಇನ್ನೂ ಮುಖ್ಯ. ಕೈಯಿಂದ ತಿರುಗಿಸುವ ಚರಕದಲ್ಲಿ ಬಿಚ್ಚಿದ ನಮ್ಮ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಹೊಕ್ಕಿಗೆ ಅದು ಚೆನ್ನ, ಬಟ್ಟೆಗೆ ಮೈ ಬರುತ್ತದೆ. ಹಾಸಿನ ನೂಲಾಗಿ ನಿಲ್ಲುವುದಿಲ್ಲ. ಹಾಗಾಗಿ ಎಷ್ಟೋ ಸೀರೆಗಳಲ್ಲಿ ಹಾಸು ಚೀನಾದ್ದು, ಹೊಕ್ಕು ರಾಮನಗರದ್ದು. ನಾವು ಮದುವೆಗೆ ಕೊಳ್ಳುವ ಸೀರೆಯಲ್ಲೇ ಎರಡು ದೇಶ ಹಾಸುಹೊಕ್ಕಾಗಿವೆ.

ನನಗೆ ತಪ್ಪು ಕಾಣುವುದು ಬೇರೆ ಕಡೆ. ಇಪ್ಪತ್ತೈದು ಅಂಶವನ್ನು ಒಂದೇ ರಾತ್ರಿ ಇಳಿಸಿದರು. ನಾಲ್ಕೈದು ವರ್ಷದಲ್ಲಿ ಹಂತ ಹಂತವಾಗಿ ಇಳಿಸುತ್ತೇವೆ ಎಂದು ಮೊದಲೇ ಹೇಳಿದ್ದರೆ ರೀಲರ್ ಮಷಿನ್ ಬದಲಾಯಿಸಿಕೊಳ್ಳುತ್ತಿದ್ದ, ಬೆಳೆಗಾರ ದ್ವಿತಳಿಗೆ ಹೋಗುತ್ತಿದ್ದ. ನೇಕಾರನಿಗೆ ಸಹಾಯ ಮಾಡುವ ಮನಸ್ಸಿದ್ದರೆ ಅವನ ಕೈಗೇ ಸಬ್ಸಿಡಿ ಕೊಡಬಹುದಿತ್ತು. ವಿಶ್ವ ವ್ಯಾಪಾರ ಸಂಸ್ಥೆಯೂ ಹೀಗೆ ಮಾಡಿ ಎಂದು ಹೇಳಿರಲಿಲ್ಲ. ಅಲ್ಲಿ ನಾವು ಒಪ್ಪಿಕೊಂಡ ಸುಂಕದ ಮಿತಿ ಶೇ 30ಕ್ಕಿಂತ ಎಷ್ಟೋ ಮೇಲಿತ್ತು. ಜಾಗತೀಕರಣ ಎಂದರೆ ಯಾರೋ ಹೊರಗಿನವರು ಬಾಗಿಲು ಮುರಿದು ಒಳಗೆ ಬಂದರು ಎಂದು ನಾವು ಹೇಳಿಕೊಳ್ಳುತ್ತೇವೆ. ಈ ಪ್ರಕರಣದಲ್ಲಿ ಬಾಗಿಲ ಚಿಲಕ ನಮ್ಮ ಕೈಯಲ್ಲೇ ಇತ್ತು.

ಇದಕ್ಕೂ ಹಿಂದಿನ ಕಥೆ

ರೇಷ್ಮೆ ಮೈಸೂರು ಸೀಮೆಗೆ ಬಂದದ್ದೇ ಹೊರಗಿನಿಂದ. ಟಿಪ್ಪು ಸುಲ್ತಾನನ ಕಾಲದಲ್ಲಿ ಬಂತು. ಆಮೇಲೆ ಇಟಲಿಯವರು ಬಂದರು. ಜಮ್‌ಶೆಟ್‌ಜಿ ಟಾಟಾ ಜಪಾನಿನ ಪದ್ಧತಿ ತಂದು ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ಮಾಡಿದರು. ಬೆಲೆ ಕುಸಿತವೂ ಹೊಸದಲ್ಲ. 1930ರ ದಶಕದ ಆರಂಭದಲ್ಲಿ ಜಪಾನ್, ಚೀನಾದ ಅಗ್ಗದ ರೇಷ್ಮೆ ಬಂದು ಮೈಸೂರಿನ ಬೆಳೆಗಾರರು ತತ್ತರಿಸಿದ್ದರು. ಆಗ ಟ್ಯಾರಿಫ್ ಬೋರ್ಡ್ ವಿಚಾರಣೆ ನಡೆದು, 1934ರಲ್ಲಿ ರಕ್ಷಣಾ ಸುಂಕ ಬಂತು. ಸ್ವಾತಂತ್ರ್ಯದ ಮೇಲೆ ಬಹಳ ಕಾಲ ಆಮದಿಗೆ ಪರವಾನಗಿ ಬೇಕಿತ್ತು. ಹೆಚ್ಚಾಗಿ ರಫ್ತು ಮಾಡುವವರಿಗೆ ಅದು ಸಿಗುತ್ತಿತ್ತು.

ನಿಜವಾದ ತಿರುವು 2001. ಆ ವರ್ಷದ ಏಪ್ರಿಲ್ ಹೊತ್ತಿಗೆ ಭಾರತ ಆಮದಿನ ಮೇಲಿದ್ದ ಪ್ರಮಾಣ ಮಿತಿಗಳನ್ನು ತೆಗೆದುಹಾಕಿತು. ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. 2000-01ರಲ್ಲಿ ಸುಮಾರು 4,700 ಟನ್ ಇದ್ದ ಆಮದು ಎರಡೇ ವರ್ಷದಲ್ಲಿ 9,000 ಟನ್ ದಾಟಿತು. ಆಗ ನಮ್ಮ ದೇಶದ ಇಡೀ ಉತ್ಪಾದನೆಯೇ 16-17 ಸಾವಿರ ಟನ್. ಆಗಿನದು ನಿಜಕ್ಕೂ ಸರಕಿನ ಪ್ರವಾಹ. 2003ರಲ್ಲಿ ಚೀನಾದ 2ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ ನೂಲಿನ ಮೇಲೆ, ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಆ್ಯಂಟಿ ಡಂಪಿಂಗ್ ಸುಂಕ ಹಾಕಿದರು. ಕಿಲೋಗೆ 27.97 ಡಾಲರ್‌ಗಿಂತ ಕಡಿಮೆ ಬೆಲೆಗೆ ತಂದರೆ ಆ ವ್ಯತ್ಯಾಸ ಕಟ್ಟಬೇಕು. ಆದರೆ ಅದಕ್ಕಿಂತ ಮೇಲಿನ 3ಎ, 4ಎ ದರ್ಜೆಗೆ ಇದು ಅನ್ವಯಿಸುತ್ತಿರಲಿಲ್ಲ. ಬಂದರಿನಲ್ಲಿ ನೂಲಿನ ದರ್ಜೆ ಯಾವುದೆಂದು ಕಣ್ಣಿನಿಂದ ಹೇಳುವುದು ಸುಲಭವಲ್ಲ.

ಈ ವರ್ಷಗಳಲ್ಲೇ ಕರ್ನಾಟಕದ ಹಿಪ್ಪುನೇರಳೆ ಕರಗಿತು. 1990ರ ದಶಕದಲ್ಲಿ ಒಂದೂವರೆ ಲಕ್ಷ ಹೆಕ್ಟೇರಿಗೂ ಜಾಸ್ತಿ ಇದ್ದ ತೋಟ, 2010ರ ಹೊತ್ತಿಗೆ ಅದರ ಅರ್ಧದಷ್ಟಕ್ಕೆ ಬಂದಿತ್ತು. ಇದೆಲ್ಲ ಚೀನಾದಿಂದ ಎಂದರೆ ಸುಳ್ಳಾಗುತ್ತದೆ. ಬೋರ್‌ವೆಲ್‌ಗಳು ಬತ್ತಿದವು. ಬೆಂಗಳೂರು ಬೆಳೆದು ಜಮೀನಿನ ಬೆಲೆ ಏರಿತು. ಬಿಡದಿಯಲ್ಲಿ 1999ರಲ್ಲಿ ಟೊಯೊಟಾ ಕಾರ್ಖಾನೆ ಶುರುವಾಯಿತು, ಅದರ ಸುತ್ತ ಬಿಡಿಭಾಗದ ಕಾರ್ಖಾನೆಗಳು ಬಂದವು. ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಬಸ್ಸು ಹತ್ತಿದರು. ತಿಂಗಳ ಮೊದಲ ವಾರ ಸಂಬಳ ಬರುವ ಕೆಲಸ ಇರುವಾಗ ರಾತ್ರಿ ಎರಡು ಗಂಟೆಗೆ ಎದ್ದು ಹುಳುವಿಗೆ ಸೊಪ್ಪು ಹಾಕುವವರು ಯಾರು? ಒಂದೇ ಜಾಗತೀಕರಣ ಆ ಊರುಗಳಿಗೆ ಒಂದು ಕೈಯಲ್ಲಿ ಕೆಲಸ ಕೊಟ್ಟಿತು, ಇನ್ನೊಂದು ಕೈಯಲ್ಲಿ ಕಸುಬು ತೆಗೆಯಿತು. ದೊಡ್ಡಮ್ಮನ ಮನೆಯಲ್ಲೂ ಎರಡನೇ ಮಗ ಕಾರ್ಖಾನೆ ಸೇರಿದ್ದ. 2011ರಲ್ಲಿ ಆ ಮನೆ ನಿಂತದ್ದು ಅವನ ಸಂಬಳದಿಂದ.

ಆಮೇಲೆ ಏನಾಯಿತು

2013-14ರ ಬಜೆಟ್‌ನಲ್ಲಿ ಪಿ. ಚಿದಂಬರಂ ಸುಂಕವನ್ನು ಶೇ 5ರಿಂದ 15ಕ್ಕೆ ಏರಿಸಿದರು. ಮುಂದೆ ಅದು ಶೇ 10ಕ್ಕೆ ಇಳಿಯಿತು. 2021ರ ಬಜೆಟ್‌ನಲ್ಲಿ ಮತ್ತೆ ಶೇ 15. ಹತ್ತು ವರ್ಷದಲ್ಲಿ 30, 5, 15, 10, 15. ಹಿಪ್ಪುನೇರಳೆ ಕಡ್ಡಿ ಒಮ್ಮೆ ನೆಟ್ಟರೆ ಹದಿನೈದು ವರ್ಷಕ್ಕೂ ಜಾಸ್ತಿ ಸೊಪ್ಪು ಕೊಡುತ್ತದೆ. ಹುಳು ಮನೆ ಕಟ್ಟಲು ಮಾಡಿದ ಸಾಲ ತೀರಲು ಎಂಟು ಹತ್ತು ವರ್ಷ ಬೇಕು. ಗಿಡದ ಆಯಸ್ಸು ಒಂದು ಲೆಕ್ಕದಲ್ಲಿ, ಸುಂಕದ ಆಯಸ್ಸು ಇನ್ನೊಂದು ಲೆಕ್ಕದಲ್ಲಿ. ಇವೆರಡನ್ನೂ ಹೊಂದಿಸಿಕೊಂಡು ಬದುಕುವುದು ಬೆಳೆಗಾರನ ಪಾಲಿಗೆ.

ಒಳ್ಳೆಯದೂ ಆಯಿತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ನೆರವಿನಿಂದ 1990ರ ದಶಕದಲ್ಲೇ ಒಳ್ಳೆಯ ದ್ವಿತಳಿ ಹುಳುಗಳನ್ನು ಕೊಟ್ಟಿತ್ತು. ವಿ-1 ಎಂಬ ಹಿಪ್ಪುನೇರಳೆ ತಳಿಯನ್ನೂ ಕೊಟ್ಟಿತ್ತು. ಬೆಲೆಯ ಏಟು ಬಿದ್ದ ಮೇಲೆ ಜನ ಅವುಗಳ ಕಡೆ ಜಾಸ್ತಿ ವಾಲಿದರು. ದ್ವಿತಳಿ ಗೂಡಿನಲ್ಲಿ ಎಳೆ ಸಾವಿರ ಮೀಟರ್ ದಾಟುತ್ತದೆ. ಆರೂಕಾಲು, ಆರೂವರೆ ಕಿಲೋ ಗೂಡಿಗೆ ಒಂದು ಕಿಲೋ ನೂಲು. ಸ್ವಯಂಚಾಲಿತ ರೀಲಿಂಗ್ ಮಷಿನ್‌ಗಳು ಸಬ್ಸಿಡಿಯಲ್ಲಿ ಬಂದವು. ಅವುಗಳಲ್ಲಿ ತೆಗೆದ ನೂಲು ಹಾಸಿಗೂ ನಿಲ್ಲುತ್ತದೆ. ಚೀನಾ ನೂಲಿಗೆ ಎದುರು ನಿಲ್ಲುವ ಆ ಮಷಿನ್‌ಗಳಲ್ಲಿ ಬಹಳಷ್ಟು ಬಂದದ್ದೂ ಚೀನಾದಿಂದಲೇ. 2013-14ರ ನಂತರ ಆಮದು ಮೂರೂವರೆ ಸಾವಿರ ಟನ್ ಆಸುಪಾಸಿಗೆ ಇಳಿಯಿತು, ಕೋವಿಡ್ ಕಾಲದಲ್ಲಿ ಎರಡು ಸಾವಿರಕ್ಕೂ ಕೆಳಗೆ. ಎರಿ, ತಸರ್, ಮೂಗಾ ಎಂಬ ಬೇರೆ ಬಗೆಯ ರೇಷ್ಮೆಯೂ ಸೇರಿ ದೇಶದ ಉತ್ಪಾದನೆ 2023-24ರಲ್ಲಿ 38 ಸಾವಿರ ಟನ್ ದಾಟಿದೆ. ಚೀನಾದಲ್ಲೂ ಕೂಲಿ ಏರಿದೆ. ಪೂರ್ವದ ಜಿಯಾಂಗ್‌ಸು, ಝೆಜಿಯಾಂಗ್ ಪ್ರಾಂತ್ಯಗಳಲ್ಲಿ ಕಾರ್ಖಾನೆಗಳು ಬಂದು ರೇಷ್ಮೆ ಗುವಾಂಗ್ಸಿಯ ಕಡೆ ಸರಿದಿದೆ. ನಮ್ಮ ಬಿಡದಿಯ ಕಥೆಯೇ ಅಲ್ಲೂ.

ಈ ಎಲ್ಲದರಲ್ಲಿ ನೆಲೆ ಕಳೆದುಕೊಂಡವರು ಚರಕದವರು. ರಾಮನಗರದ ಗಲ್ಲಿಗಳಲ್ಲಿ ಮನೆಯ ಹಿಂದೆ ಒಂದೆರಡು ಚರಕ ಇಟ್ಟುಕೊಂಡು ಬದುಕುತ್ತಿದ್ದ ಕುಟುಂಬಗಳು, ಅವರಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳು. ಒಮ್ಮೆ ಅಂಥ ಮನೆಗೆ ಹೋಗಿದ್ದೆ. ಬಿಸಿನೀರಿನ ಬಾಣಲೆಯ ಮುಂದೆ ಕೂತ ಹೆಂಗಸು ಬೇಯುವ ಗೂಡಿನ ಮೇಲೆ ಬೆರಳಾಡಿಸಿ ಎಳೆ ಹುಡುಕುತ್ತಿದ್ದರು. ಬೆರಳ ತುದಿಗಳು ಬೆಳ್ಳಗೆ ನೆನೆದು ಸುಕ್ಕಾಗಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಅವರು ನೋಡದೆಯೇ ಹಿಡಿಯುತ್ತಿದ್ದರು. ಸಬ್ಸಿಡಿ ಇದ್ದರೂ ದೊಡ್ಡ ಮಷಿನ್‌ಗೆ ಅವರು ಹಾಕಬೇಕಾದ ಪಾಲಿನ ದುಡ್ಡು ಎಲ್ಲಿಂದ ಬರಬೇಕು? ರೈತರಿಗಾಗಿ ಬೀದಿಯಲ್ಲಿ ಕೂಗಿದವರು ಇದ್ದರು. ಈ ಹೆಂಗಸರ ಪರವಾಗಿ ಯಾರೂ ಕೂಗಿದ್ದನ್ನು ನಾನು ಕೇಳಲಿಲ್ಲ.

ಒಂದು ಕೆಲಸ ಮಾತ್ರ ಇನ್ನೂ ಸರಿಯಾಗಿ ಆಗಿಲ್ಲ, ನನ್ನ ಪ್ರಕಾರ ಅದೇ ಮೊದಲು ಆಗಬೇಕಿತ್ತು. ಚೀನಾದಲ್ಲಿ ಗೂಡು ಬಂದ ಕೂಡಲೇ ದೊಡ್ಡ ಡ್ರೈಯರ್‌ಗಳಲ್ಲಿ ಬಿಸಿಗಾಳಿಗೆ ಒಣಗಿಸುತ್ತಾರೆ. ಒಳಗಿನ ಕೋಶ ಸಾಯುತ್ತದೆ, ಗೂಡು ಒಣಗುತ್ತದೆ. ಹಾಗೆ ಒಣಗಿದ ಗೂಡನ್ನು ತಿಂಗಳುಗಟ್ಟಲೆ ಇಡಬಹುದು. ಬೆಲೆ ಸರಿಯಿಲ್ಲವೇ, ಇಟ್ಟುಕೊಳ್ಳಬಹುದು. ನಮ್ಮಲ್ಲಿ ಬೆಳೆಗಾರ ಜೀವಂತ ಗೂಡನ್ನೇ ತಂದು ಅದೇ ದಿನ ಮಾರಬೇಕು. ಮಾರುಕಟ್ಟೆಯ ಪಕ್ಕದಲ್ಲೇ ದೊಡ್ಡ ಡ್ರೈಯರ್, ಗೋದಾಮು, ಇಟ್ಟ ಗೂಡಿನ ರಸೀದಿಯ ಮೇಲೆ ಬ್ಯಾಂಕ್ ಸಾಲ ಇದ್ದಿದ್ದರೆ 2011ರಲ್ಲಿ ಅಣ್ಣ ಆ ಸಂಜೆ ಗೂಡು ಕೊಟ್ಟು ಬರಬೇಕಿರಲಿಲ್ಲ. ಸುಂಕ ಶೇ 5 ಆಗಿದ್ದರೂ ಬೆಲೆ 232ರ ಕೆಳಗೆ ಹೋಗಲು ಅಷ್ಟು ಸುಲಭವಾಗಿ ಬಿಡುತ್ತಿರಲಿಲ್ಲ. ಕಾಯಬಲ್ಲವರ ಸಾಲಿನಲ್ಲಿ ಅವನೂ ನಿಲ್ಲುತ್ತಿದ್ದ. 1979ರಲ್ಲೇ ಶುರುವಾದ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಬೆಲೆ ಬಿದ್ದಾಗ ನೂಲು ಕೊಳ್ಳುತ್ತದೆ. ಅದು ರೀಲರ್‌ಗೆ ಉಸಿರು ಕೊಡುತ್ತದೆ. ಗೂಡಿಗೆ ಅಂಥದ್ದೊಂದು ಬೇಕು.

2012ರ ಮಳೆಗಾಲಕ್ಕೆ ಮೊದಲು ದೊಡ್ಡಮ್ಮನ ಮನೆಯವರು ಹಿಪ್ಪುನೇರಳೆ ಕೀಳಿಸಿದರು. ಜೆಸಿಬಿ ತರಿಸಬೇಕಾಯಿತು, ಬೇರು ಅಷ್ಟು ಆಳಕ್ಕೆ ಹೋಗಿತ್ತು. ಆ ಜಾಗದಲ್ಲಿ ತೆಂಗು ಇಟ್ಟರು. ಚಂದ್ರಿಕೆಗಳನ್ನು ಸೌದೆಗೆ ಕೊಟ್ಟರು. ಹುಳು ಮನೆ ಈಗ ಬೈಕು ನಿಲ್ಲಿಸುವ ಜಾಗ. 2022ರ ಆರಂಭದಲ್ಲಿ ದ್ವಿತಳಿ ಗೂಡು ಕಿಲೋಗೆ ಸಾವಿರ ರೂಪಾಯಿಯ ಆಸುಪಾಸು ಹೋದಾಗ ಊರಿನ ನಾಲ್ಕೈದು ಮನೆಯವರು ಮತ್ತೆ ಕಡ್ಡಿ ನೆಟ್ಟರು. ಅಣ್ಣನೂ ಒಂದು ದಿನ ಟೇಪು ಹಿಡಿದು ಹುಳು ಮನೆ ಅಳೆದ. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಚಪ್ಪಲಿ ಹೊರಗೆ ಬಿಡೋ" ಎಂದರು.